ವೆಸುವಿಯಸ್ ಹತ್ತುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ನೇಪಲ್ಸ್ ನಗರದ ಬೆನ್ನಿಗೇ ನಿಂತಿರುವ ವೆಸುವಿಯಸ್ ಜ್ವಾಲಾಮುಖಿ, ಅದರ ಸುತ್ತಲಿನ ರಾಷ್ಟ್ರೀಯ ಉದ್ಯಾನ ಮತ್ತು ಕ್ರಿ.ಶ. 79ರಲ್ಲಿ ಅದು ಹೂತುಹಾಕಿದ ಪೊಂಪೇ, ಹರ್ಕ್ಯುಲೇನಿಯಂ ಎಂಬ ರೋಮನ್ ಊರುಗಳನ್ನು ನೋಡಲು ಹೊರಟವರಿಗಾಗಿ ಈ ಪುಟ. ಟಿಕೆಟ್ ದರ, ಸಮಯ ಆಗಾಗ ಬದಲಾಗುತ್ತವೆ. ಹೊರಡುವ ಮುನ್ನ ಉದ್ಯಾನದ ಅಧಿಕೃತ ಜಾಲತಾಣವನ್ನೊಮ್ಮೆ ನೋಡಿಕೊಳ್ಳಿ.

ಮೇಲೆ ಹೋದರೆ ಕುದಿಯುವ ಲಾವಾ ಕಾಣುತ್ತದೆಯೇ?

ಇಲ್ಲ. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ಅರ್ಧದಷ್ಟು ನಿರಾಸೆ ತಪ್ಪುತ್ತದೆ. 1631ರಿಂದ 1944ರವರೆಗೆ ಬೆಟ್ಟದ ಬಾಯಿ ಹೆಚ್ಚುಕಡಿಮೆ ತೆರೆದೇ ಇತ್ತು, ಆಗಾಗ ಲಾವಾ ಉಕ್ಕುತ್ತಿತ್ತು. 1944ರ ಮಾರ್ಚ್‌ನ ಸ್ಫೋಟದ ನಂತರ ಶಿಲಾರಸದ ನಾಳ ಮುಚ್ಚಿಕೊಂಡಿತು. ಅಂದಿನಿಂದ ಬೆಟ್ಟ ಸುಮ್ಮನಿದೆ.

ಈಗ ಕಾಣುವುದು ಸುಮಾರು 450 ಮೀಟರ್ ಅಗಲ, 300 ಮೀಟರ್ ಆಳದ ಕುಳಿ. ಅದರ ಗೋಡೆಯಲ್ಲಿ ಬೂದು, ಕಂದು, ಕೆಂಪು ಪದರಗಳು ಒಂದರ ಮೇಲೊಂದು ಪೇರಿಸಿದಂತಿವೆ. ಗಟ್ಟಿಯಾಗಿ ಹೊರಚಾಚಿದ ಪದರಗಳು ಹರಿದು ತಣಿದ ಲಾವಾ, ಸಡಿಲವಾಗಿ ಉದುರುತ್ತಿರುವವು ಬೂದಿ ಮತ್ತು ಕಲ್ಲುಚೂರು. ಅಲ್ಲಲ್ಲಿ ಕಲ್ಲಿನ ಸಂದಿಯಿಂದ ಹಬೆ ಏಳುತ್ತದೆ. ಬೇಸಿಗೆಯ ಮಧ್ಯಾಹ್ನ ಹೋದವರು ಹಬೆಯೇ ಇರಲಿಲ್ಲ ಎನ್ನುತ್ತಾರೆ. ಹಬೆ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಗಾಳಿ ತಣ್ಣಗೆ, ತೇವವಾಗಿದ್ದಾಗ ಮಾತ್ರ ಅದು ಬೆಳ್ಳಗೆ ಕಾಣುತ್ತದೆ. ಬೆಳಗಿನ ಹೊತ್ತು ಅಥವಾ ಮಳೆ ಬಿದ್ದ ಮರುದಿನ ಒಳ್ಳೆಯದು.

ಕೆಂಪು ಲಾವಾವನ್ನೇ ನೋಡಬೇಕೆಂಬ ಹಟವಿದ್ದರೆ ದಕ್ಷಿಣಕ್ಕೆ ಸಿಸಿಲಿಯ ಎಟ್ನಾ ಅಥವಾ ಸ್ಟ್ರಾಂಬೊಲಿ ದ್ವೀಪದ ಕಡೆ ಯೋಚಿಸಿ.

ಹಾಗಾದರೆ ಇದು ಸತ್ತ ಜ್ವಾಲಾಮುಖಿಯೇ? ಹೋಗುವುದು ಅಪಾಯವಲ್ಲವೇ?

ಸತ್ತಿಲ್ಲ, ನಿದ್ರಿಸುತ್ತಿದೆ. ಇಟಲಿಯ ನಾಗರಿಕ ರಕ್ಷಣಾ ಇಲಾಖೆ ಜ್ವಾಲಾಮುಖಿಗಳಿಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ನಾಲ್ಕು ಹಂತದ ಎಚ್ಚರಿಕೆ ಇಟ್ಟುಕೊಂಡಿದೆ. ವೆಸುವಿಯಸ್ ಬಹಳ ವರ್ಷಗಳಿಂದ ಹಸಿರಿನಲ್ಲಿದೆ. ಇದರ ಮೇಲೆ ಕಣ್ಣಿಡಲೆಂದೇ 1841ರಲ್ಲಿ ಬೆಟ್ಟದ ಇಳಿಜಾರಿನಲ್ಲಿ ವೀಕ್ಷಣಾಲಯ ಕಟ್ಟಿದರು. ಜಗತ್ತಿನ ಮೊದಲ ಜ್ವಾಲಾಮುಖಿ ವೀಕ್ಷಣಾಲಯ ಅದು. ಇಂದು ಭೂಕಂಪನ, ನೆಲದ ಉಬ್ಬು, ಅನಿಲಗಳ ಪ್ರಮಾಣ ಎಲ್ಲವನ್ನೂ ನೇಪಲ್ಸ್ ನಗರದಲ್ಲಿ ಕೂತು ಹಗಲೂ ರಾತ್ರಿ ಅಳೆಯುತ್ತಾರೆ.

ನಿಜವಾದ ಚಿಂತೆ ಪ್ರವಾಸಿಗಳದ್ದಲ್ಲ, ಬೆಟ್ಟದ ಬುಡದಲ್ಲಿ ಬದುಕುವವರದು. ‘ಕೆಂಪು ವಲಯ’ ಎಂದು ಗುರುತಿಸಿದ 25 ಪುರಸಭೆಗಳಲ್ಲಿ ಸುಮಾರು ಏಳು ಲಕ್ಷ ಜನ ಇದ್ದಾರೆ. ಎಚ್ಚರಿಕೆ ಕೆಂಪಿಗೆ ತಿರುಗಿದರೆ 72 ಗಂಟೆಯೊಳಗೆ ಅಷ್ಟೂ ಜನರನ್ನು ಹೊರಗೆ ಸಾಗಿಸಬೇಕೆಂಬುದು ಯೋಜನೆ.

ಸುದ್ದಿಯಲ್ಲಿ ‘ನೇಪಲ್ಸ್ ಬಳಿ ಜ್ವಾಲಾಮುಖಿಯಿಂದ ಭೂಕಂಪ’ ಎಂದು ಓದಿ ಪ್ರವಾಸ ರದ್ದು ಮಾಡಲು ಹೊರಡುವವರು ಒಂದು ವಿಷಯ ಗಮನಿಸಬೇಕು. ಆ ಸುದ್ದಿ ಸಾಮಾನ್ಯವಾಗಿ ನಗರದ ಪಶ್ಚಿಮಕ್ಕಿರುವ ಕಾಂಪಿ ಫ್ಲೆಗ್ರೇಯಿಯದು. ಅದು ಬೇರೆಯೇ ಜ್ವಾಲಾಮುಖಿ, 2012ರಿಂದ ಹಳದಿ ಹಂತದಲ್ಲಿದೆ. ಅಲ್ಲಿನ ಸೊಲ್ಫತಾರ ಕುಳಿ 2017ರ ದುರಂತದ ನಂತರ ಪ್ರವಾಸಿಗಳಿಗೆ ಮುಚ್ಚಿದೆ.

ಟಿಕೆಟ್ ಗೇಟಿನಲ್ಲಿ ಸಿಗುತ್ತದೆಯೇ?

ಸಿಗುವುದಿಲ್ಲ. ಹೆಚ್ಚು ಜನ ಎಡವುವುದು ಇಲ್ಲೇ. ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ. ದಿನಾಂಕದ ಜೊತೆ ಒಳಹೋಗುವ ವೇಳೆಯನ್ನೂ ಆರಿಸಬೇಕು. ದರ 10 ಯೂರೊ, ಮೇಲೆ ಬುಕಿಂಗ್ ಶುಲ್ಕ. ಮೇಲೆ ಹೋದ ಮೇಲೆ ಮೊಬೈಲ್‌ನಲ್ಲಿ ತೆಗೆದರಾಯಿತು ಎಂದುಕೊಳ್ಳಬೇಡಿ. ಗೇಟಿನ ಬಳಿ ನೆಟ್‌ವರ್ಕ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಸಿಕ್ಕರೂ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಆ ದಿನದ ವೇಳೆಗಳೆಲ್ಲ ತುಂಬಿಹೋಗಿರಬಹುದು.

ಟಿಕೆಟನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ಆದರೂ ಇರಲಿ. ಇನ್ನೊಂದು ಗೊಂದಲ ಬಸ್ಸಿನದು. ಬಸ್ ಟಿಕೆಟ್ ಬೇರೆ, ಉದ್ಯಾನದ ಟಿಕೆಟ್ ಬೇರೆ. ಕೆಲವು ಖಾಸಗಿ ಮಿನಿಬಸ್‌ಗಳು ಎರಡನ್ನೂ ಸೇರಿಸಿ ಮಾರುತ್ತವೆ, ಕೆಲವು ಬರೀ ಪ್ರಯಾಣದ ದುಡ್ಡು ತೆಗೆದುಕೊಂಡು ಗೇಟಿನಲ್ಲಿ ಇಳಿಸುತ್ತವೆ. ಹತ್ತುವ ಮೊದಲೇ ಬಾಯಿಬಿಟ್ಟು ಕೇಳಿ.

ನೇಪಲ್ಸ್‌ನಿಂದ ಹೋಗುವುದು ಹೇಗೆ?

ಸರ್ಕುಮ್‌ವೆಸುವಿಯಾನ ಎಂಬ ಸ್ಥಳೀಯ ರೈಲು ಬೆಟ್ಟದ ಬುಡವನ್ನು ಸುತ್ತಿ ಓಡುತ್ತದೆ. ನೇಪಲ್ಸ್ ಸೆಂಟ್ರಲ್ ನಿಲ್ದಾಣದ ನೆಲಮಾಳಿಗೆಯ ಗಾರಿಬಾಲ್ಡಿ ಪ್ಲಾಟ್‌ಫಾರ್ಮ್‌ನಲ್ಲಿ ಎಲ್ಲರೂ ಹತ್ತುತ್ತಾರೆ. ಆದರೆ ರೈಲು ಹೊರಡುವುದು ಒಂದು ನಿಲ್ದಾಣ ಹಿಂದಿನ ಪೋರ್ತಾ ನೊಲಾನದಿಂದ. ಅಲ್ಲಿಂದ ಹತ್ತಿದರೆ ಸೀಟು ಸಿಗುತ್ತದೆ. ಗಾರಿಬಾಲ್ಡಿಯ ನೂಕುನುಗ್ಗಲಿನಲ್ಲಿ ಜೇಬುಗಳ್ಳರ ಕಾಟವಿದೆ, ಬ್ಯಾಗನ್ನು ಮುಂದಕ್ಕೆ ಹಾಕಿಕೊಳ್ಳಿ.

ಎರಡು ದಾರಿಗಳಿವೆ. ಮೊದಲನೆಯದು ಹರ್ಕ್ಯುಲೇನಿಯಂ ಅವಶೇಷಗಳ ಬಳಿಯ ಎರ್ಕೊಲಾನೊ ಸ್ಕಾವಿ ನಿಲ್ದಾಣದಲ್ಲಿ ಇಳಿಯುವುದು. ನೇಪಲ್ಸ್‌ನಿಂದ ಸುಮಾರು 20 ನಿಮಿಷ. ನಿಲ್ದಾಣದ ಹೊರಗೇ ಮೇಲೆ ಹೋಗುವ ಮಿನಿಬಸ್‌ಗಳಿರುತ್ತವೆ, ಬೆಟ್ಟಕ್ಕೆ ಅರ್ಧ ಗಂಟೆಯ ಹಾದಿ. ಎರಡನೆಯದು ಪೊಂಪೇ ಕಡೆಯಿಂದ. ಅಲ್ಲಿಂದ ಇ.ಎ.ವಿ. ಸಂಸ್ಥೆಯ ಬಸ್ ಸುಮಾರು 50 ನಿಮಿಷ ತೆಗೆದುಕೊಳ್ಳುತ್ತದೆ. ಪೊಂಪೇ ಹೆಸರಿನ ನಿಲ್ದಾಣಗಳು ಒಂದಕ್ಕಿಂತ ಹೆಚ್ಚಿವೆ. ನಿಮಗೆ ಬೇಕಾದದ್ದು ಸೊರೆಂಟೊ ಮಾರ್ಗದ ‘ಪೊಂಪೇ ಸ್ಕಾವಿ – ವಿಲ್ಲಾ ದೇಯಿ ಮಿಸ್ತೇರಿ’. ಪೊಜ್ಜೊಮರೀನೊ ರೈಲು ಹತ್ತಿದರೆ ಊರಿನ ಇನ್ನೊಂದು ತುದಿಯಲ್ಲಿ ಇಳಿಯುತ್ತೀರಿ.

ಸ್ವಂತ ಅಥವಾ ಬಾಡಿಗೆ ಕಾರಿನವರಿಗೆ ಗೇಟಿನವರೆಗೆ ಹೋಗುವ ಭಾಗ್ಯವಿಲ್ಲ. ಕೆಳಗಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಅಲ್ಲಿಂದ ಶಟಲ್ ಹಿಡಿಯಬೇಕು. ಪಾರ್ಕಿಂಗ್ ಜಾಗವನ್ನೂ ಮೊದಲೇ ಕಾದಿರಿಸಿ.

ಲೆಕ್ಕವನ್ನು ಹಿಂದುಮುಂದಾಗಿ ಹಾಕಿ. ಟಿಕೆಟ್ ವೇಳೆ 10 ಗಂಟೆ ಎಂದಾದರೆ 9:40ಕ್ಕೆ ಗೇಟಿನಲ್ಲಿರಬೇಕು. ಎರ್ಕೊಲಾನೊದಲ್ಲಿ 9ಕ್ಕೆ ಮಿನಿಬಸ್ ಹತ್ತಬೇಕು. ನೇಪಲ್ಸ್‌ನಿಂದ 8:15ರ ಆಸುಪಾಸಿನ ರೈಲು ಹಿಡಿಯಬೇಕು. ಈ ರೈಲು ತಡವಾಗುವುದು ಅಪರೂಪವಲ್ಲ, ರದ್ದಾಗುವುದೂ ಇದೆ. ಇಟಲಿಯಲ್ಲಿ ಸಾರಿಗೆ ಮುಷ್ಕರವನ್ನು ಮೊದಲೇ ಪ್ರಕಟಿಸುತ್ತಾರೆ. ‘ಶೋಪೆರೊ’ ಎಂಬ ಪದ ನಿಲ್ದಾಣದ ಫಲಕದಲ್ಲಿ ಕಂಡರೆ ಆ ದಿನದ ಯೋಜನೆ ಬದಲಿಸಿ.

ಎಷ್ಟು ನಡೆಯಬೇಕು? ತುತ್ತತುದಿಗೆ ಹೋಗಬಹುದೇ?

ಬಸ್ ನಿಮ್ಮನ್ನು ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿ ಇಳಿಸುತ್ತದೆ. ಅಲ್ಲಿಂದ ‘ಗ್ರಾನ್ ಕೋನೊ’ ಎನ್ನುವ 5ನೇ ನಂಬರಿನ ಹಾದಿ ಹಾವಿನಂತೆ ತಿರುಗುತ್ತ ಸುಮಾರು 1170 ಮೀಟರಿನ ಕುಳಿಯ ಅಂಚಿಗೆ ಏರುತ್ತದೆ. ಮಾಮೂಲಿ ನಡಿಗೆಗೆ 20ರಿಂದ 30 ನಿಮಿಷ. ಮೇಲೆ ಅಂಚಿನ ಒಂದು ಭಾಗದಲ್ಲಷ್ಟೇ ನಡೆಯಲು ಬಿಡುತ್ತಾರೆ. ಕುಳಿಯನ್ನು ಪೂರ್ತಿ ಪ್ರದಕ್ಷಿಣೆ ಹಾಕುವಂತಿಲ್ಲ, 1281 ಮೀಟರಿನ ತುತ್ತತುದಿಗೂ ಹೋಗುವಂತಿಲ್ಲ. ಅಂಚಿನ ಮಣ್ಣು ಸಡಿಲ, ಕುಳಿಯೊಳಕ್ಕೆ ಆಗಾಗ ಕುಸಿಯುತ್ತದೆ. ಹೋಗಿ, ನೋಡಿ, ಇಳಿಯಲು ಒಟ್ಟು ಎರಡು ಗಂಟೆ ಇಟ್ಟುಕೊಂಡರೆ ಅವಸರವಿಲ್ಲ.

ನಂದಿಬೆಟ್ಟದ ಎತ್ತರ 1478 ಮೀಟರ್, ವೆಸುವಿಯಸ್ ಅದಕ್ಕಿಂತ ಗಿಡ್ಡ. ಆದರೆ ನಂದಿ ಎದ್ದಿರುವುದು ಪ್ರಸ್ಥಭೂಮಿಯ ಮೇಲೆ, ಇದು ನೇರ ಕಡಲ ದಡದಿಂದ. ಮೇಲೆ ನಿಂತರೆ ನೇಪಲ್ಸ್ ಕೊಲ್ಲಿ, ಕಾಪ್ರಿ, ಇಸ್ಕಿಯ ದ್ವೀಪಗಳು ಒಂದೇ ನೋಟಕ್ಕೆ ಸಿಗುವುದು ಅದಕ್ಕೇ.

ಹಾದಿ ಕಷ್ಟವೇ? ಹಿರಿಯರು, ಮಕ್ಕಳು ಹತ್ತಬಹುದೇ?

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ರೂಢಿಯಿದ್ದವರಿಗೆ ಏರು ಲೆಕ್ಕಕ್ಕಿಲ್ಲ. ಕಾಡುವುದು ನೆಲ. ಹಾದಿ ಅಗಲವಾಗಿದೆ, ಬದಿಗೆ ಕಟಕಟೆಯೂ ಇದೆ. ಆದರೆ ಕಾಲಡಿಯಲ್ಲಿರುವುದು ಬೇಬಿ ಜಲ್ಲಿಯಂಥ ಕಪ್ಪು-ಕೆಂಪು ಲಾವಾ ಚೂರು. ಏರುವಾಗ ಒಂದು ಹೆಜ್ಜೆ ಇಟ್ಟರೆ ಕಾಲು ಹೆಜ್ಜೆ ಹಿಂದೆ ಜಾರುತ್ತದೆ. ಇಳಿಯುವಾಗ ಇನ್ನೂ ಮೋಸ. ಹೆಚ್ಚಿನವರು ಬೀಳುವುದು ಇಳಿಯುವಾಗಲೇ. ಅಗಲ ಹೆಜ್ಜೆ ಹಾಕದೆ, ಮಂಡಿ ತುಸು ಬಗ್ಗಿಸಿ, ಪಾದ ಪೂರ್ತಿ ಊರಿ ಇಳಿಯಿರಿ.

ಮಂಡಿನೋವಿನವರಿಗೆ ಊರುಗೋಲು ಬಹಳ ಸಹಾಯ. ಆರಂಭದಲ್ಲಿ ಕಟ್ಟಿಗೆಯ ಕೋಲು ಕೈಗೆ ಕೊಡುವವರಿರುತ್ತಾರೆ, ಹಿಂದಿರುಗಿಸುವಾಗ ಚಿಲ್ಲರೆ ನಿರೀಕ್ಷಿಸುತ್ತಾರೆ. ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿ ಈ ಜಲ್ಲಿಯಲ್ಲಿ ಓಡುವುದಿಲ್ಲ. ಕೂಸನ್ನು ಬೆನ್ನಿಗೋ ಎದೆಗೋ ಕಟ್ಟಿಕೊಳ್ಳಿ. ಆರೇಳು ವರ್ಷದ ಮಕ್ಕಳು ಸಲೀಸಾಗಿ ಹತ್ತುತ್ತಾರೆ. ಆಸ್ತಮಾ ಇದ್ದವರು ಗಾಳಿ ಜೋರಿರುವ ದಿನ ಧೂಳಿನ ಬಗ್ಗೆ ಎಚ್ಚರ ವಹಿಸಿ, ಇನ್‌ಹೇಲರ್ ಜೇಬಿನಲ್ಲಿರಲಿ. ಶೌಚಾಲಯ ಕೆಳಗೇ ಮುಗಿಸಿಕೊಳ್ಳಿ.

ಏನು ಹಾಕಿಕೊಳ್ಳಬೇಕು, ಏನು ಒಯ್ಯಬೇಕು?

ಹಿಡಿತವಿರುವ ಮುಚ್ಚಿದ ಶೂ ಮತ್ತು ಕಣಕಾಲು ಮುಚ್ಚುವ ಕಾಲುಚೀಲ. ಚಪ್ಪಲಿ, ಸ್ಯಾಂಡಲ್ ಹಾಕಿದವರು ಹತ್ತು ಹೆಜ್ಜೆಗೊಮ್ಮೆ ನಿಂತು ಕಲ್ಲು ಕೊಡವುತ್ತಿರುತ್ತಾರೆ. ಬಿಳಿ ಶೂ ಬೇಡ. ಕೆಳಗೆ ನೇಪಲ್ಸ್‌ನಲ್ಲಿ ಬೆವರುತ್ತಿದ್ದರೂ ಮೇಲೆ ಗಾಳಿ ಚಳಿ ಹುಟ್ಟಿಸುತ್ತದೆ, ಗಾಳಿ ತಡೆಯುವ ತೆಳು ಜಾಕೆಟ್ ಚೀಲದಲ್ಲಿರಲಿ. ಅಗಲ ಅಂಚಿನ ಟೋಪಿ ಹಾರಿಹೋಗುತ್ತದೆ, ದಾರ ಕಟ್ಟುವಂಥದ್ದು ಒಯ್ಯಿರಿ. ಕಾಂಟ್ಯಾಕ್ಟ್ ಲೆನ್ಸ್ ಬದಲು ಕನ್ನಡಕ ಒಳ್ಳೆಯದು. ತಲಾ ಒಂದು ಲೀಟರ್ ನೀರು, ಜುಲೈ-ಆಗಸ್ಟ್ ಆದರೆ ಒಂದೂವರೆ. ಹಾದಿಯುದ್ದಕ್ಕೂ ನೆರಳಿಲ್ಲ. ದೊಡ್ಡ ಸೂಟ್‌ಕೇಸ್ ಹಿಡಿದು ಬರಬೇಡಿ, ಅದನ್ನು ನೇಪಲ್ಸ್ ನಿಲ್ದಾಣದ ಲಗೇಜ್ ಕೊಠಡಿಯಲ್ಲೇ ಬಿಟ್ಟು ಬನ್ನಿ.

ಯಾವ ತಿಂಗಳು, ಯಾವ ಹೊತ್ತು ಒಳ್ಳೆಯದು?

ಮೇ ಮತ್ತು ಅಕ್ಟೋಬರ್. ಮೇ ಕೊನೆಯಿಂದ ಜೂನ್‌ವರೆಗೆ ಇಳಿಜಾರೆಲ್ಲ ಹಳದಿ ಹೂವು. ಹೊತ್ತು ಎಂದರೆ ಬೆಳಗ್ಗೆ 9ರಿಂದ 10ರ ವೇಳೆಗಳು. ಮಧ್ಯಾಹ್ನದ ಹೊತ್ತಿಗೆ ಕಡಲಿನ ತೇವ ಬೆಟ್ಟಕ್ಕೆ ತಾಗಿ ಮೇಲೇರಿ ತುದಿಗೆ ಮೋಡದ ಟೋಪಿ ಹಾಕುವುದುಂಟು. ಚಳಿಗಾಲದಲ್ಲಿ ಮಧ್ಯಾಹ್ನ 3ಕ್ಕೇ ಪ್ರವೇಶ ಮುಗಿಯುತ್ತದೆ, ಬೇಸಿಗೆಯಲ್ಲಿ ಹೊತ್ತು ಹೆಚ್ಚು. ಜನವರಿ-ಫೆಬ್ರುವರಿಯಲ್ಲಿ ತುದಿಗೆ ಹಿಮ ಬೀಳುವುದೂ ಇದೆ.

ಅಷ್ಟು ದೂರ ಹೋಗಿ ಮಂಜು ಕವಿದಿದ್ದರೆ? ಮುಚ್ಚಿದ್ದರೆ?

ಜೋರು ಗಾಳಿ, ಸಿಡಿಲು, ದಟ್ಟ ಮಂಜು ಇದ್ದರೆ ಹಾದಿ ಮುಚ್ಚುತ್ತಾರೆ. ಕಾಡ್ಗಿಚ್ಚೂ ಒಂದು ಕಾರಣ. 2017ರ ಜುಲೈ ಮತ್ತು 2025ರ ಆಗಸ್ಟ್‌ನ ದೊಡ್ಡ ಬೆಂಕಿಗಳಲ್ಲಿ ಪೈನ್ ಕಾಡು ವಿಪರೀತ ಸುಟ್ಟಿತು. ಹಾದಿ ತೆರೆದೇ ಇದ್ದು ಮಂಜಿನಿಂದ ಕುಳಿ ಕಾಣದಿದ್ದರೆ ದುಡ್ಡು ವಾಪಸ್ ಕೇಳಲು ಬರುವುದಿಲ್ಲ. ಅಂಚಿನಲ್ಲಿ ಹದಿನೈದು ನಿಮಿಷ ಕಾಯಿರಿ. ಗಾಳಿ ಬೀಸಿದರೆ ಮಂಜು ಪರದೆ ಸರಿದಂತೆ ಸರಿಯುತ್ತದೆ. ಬೆಳಗ್ಗೆ ಹೊರಡುವಾಗ ನೇಪಲ್ಸ್‌ನ ಕಡಲ ದಂಡೆಯಿಂದ ತುದಿ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಮೊದಲು ಅವಶೇಷಗಳಿಗೆ ಹೋಗುವ ಹಾಗೆ ದಿನವನ್ನು ತಿರುಗಿಸಲು ಆಗುತ್ತದೋ ಯೋಚಿಸಿ.

ಕ್ರಿ.ಶ. 79ರಲ್ಲಿ ನಿಜಕ್ಕೂ ಆದದ್ದೇನು?

ಮೊದಲಿಗೆ ಒಂದು ತಪ್ಪು ತಿಳಿವಳಿಕೆ: ಪೊಂಪೇ ಲಾವಾದಲ್ಲಿ ಮುಳುಗಲಿಲ್ಲ. ಬೆಟ್ಟ ಬೂದಿ ಮತ್ತು ಪ್ಯೂಮಿಸ್ ಕಲ್ಲಿನ ಕಂಬವನ್ನು 30 ಕಿಲೋಮೀಟರಿಗೂ ಮೇಲಕ್ಕೆ ಚಿಮ್ಮಿಸಿತು. ಪ್ಯೂಮಿಸ್ ಎಂದರೆ ಶಿಲಾರಸದ ನೊರೆ ಗಟ್ಟಿಯಾದದ್ದು, ನೀರಿನಲ್ಲಿ ತೇಲುವಷ್ಟು ಹಗುರ. ಕೊಲ್ಲಿಯ ಆಚೆ ದಡದ ಮಿಸೇನಮ್‌ನಿಂದ ಇದನ್ನು ನೋಡಿದ 17 ವರ್ಷದ ಕಿರಿಯ ಪ್ಲಿನಿ, ಮೋಡವು ಪೈನ್ ಮರದ ಆಕಾರದಲ್ಲಿತ್ತೆಂದು ಇತಿಹಾಸಕಾರ ಟ್ಯಾಸಿಟಸ್‌ಗೆ ಪತ್ರದಲ್ಲಿ ಬರೆದ. ಆ ಸೀಮೆಯ ಪೈನ್ ಕೊಡೆಯಂತೆ ಹರಡಿಕೊಳ್ಳುವ ಜಾತಿ, ಈಗಲೂ ರಸ್ತೆಬದಿಯಲ್ಲಿ ಕಾಣುತ್ತದೆ. ಅವನ ಸೋದರಮಾವ ಹಿರಿಯ ಪ್ಲಿನಿ ಹಡಗು ತೆಗೆದುಕೊಂಡು ನೆರವಿಗೆ ಹೋಗಿ ಸ್ಟೇಬಿಯೆ ದಡದಲ್ಲಿ ಸತ್ತ.

ಅಂದು ಗಾಳಿ ಆಗ್ನೇಯಕ್ಕೆ ಬೀಸುತ್ತಿತ್ತು. ಪೊಂಪೇ ಇದ್ದದ್ದು ಆ ದಿಕ್ಕಿನಲ್ಲೇ. ಗಂಟೆಗಟ್ಟಲೆ ಪ್ಯೂಮಿಸ್ ಸುರಿದು ಚಾವಣಿಗಳು ಕುಸಿದವು. ಪಶ್ಚಿಮಕ್ಕಿದ್ದ ಹರ್ಕ್ಯುಲೇನಿಯಂ ಮೇಲೆ ಹಗಲಿಡೀ ಹೆಚ್ಚೇನೂ ಬೀಳಲಿಲ್ಲ. ರಾತ್ರಿ ಆ ಬೂದಿಯ ಕಂಬ ತನ್ನ ಭಾರಕ್ಕೆ ತಾನೇ ಕುಸಿಯಿತು. ಕುದಿಯುವ ಅನಿಲ ಮತ್ತು ಬೂದಿಯ ಪ್ರವಾಹ ಇಳಿಜಾರಿನಲ್ಲಿ ಧಾವಿಸಿ ಮೊದಲು ಹರ್ಕ್ಯುಲೇನಿಯಂ ಅನ್ನು, ಬೆಳಗಾಗುವಷ್ಟರಲ್ಲಿ ಪೊಂಪೇಯನ್ನು ಮುಗಿಸಿತು. ತಪ್ಪಿಸಿಕೊಳ್ಳಲು ಕಡಲ ದಂಡೆಯ ದೋಣಿಮನೆಗಳಲ್ಲಿ ಕಾದು ಕೂತಿದ್ದ ಸುಮಾರು 300 ಜನರ ಅಸ್ಥಿಪಂಜರ 1980ರ ದಶಕದಿಂದ ಈಚೆಗೆ ಹರ್ಕ್ಯುಲೇನಿಯಂನಲ್ಲಿ ಸಿಕ್ಕವು.

ಆಗಸ್ಟ್ 24 ಎಂಬ ತಾರೀಕು ಬಹುಕಾಲ ನಡೆದುಬಂತು. 2018ರಲ್ಲಿ ಪೊಂಪೇಯ ಗೋಡೆಯೊಂದರ ಮೇಲೆ ಅಕ್ಟೋಬರ್ 17ಕ್ಕೆ ಸಮನಾದ ದಿನಾಂಕದ ಇದ್ದಿಲ ಬರಹ ಸಿಕ್ಕ ಮೇಲೆ, ಸ್ಫೋಟ ಅಕ್ಟೋಬರ್ ಕೊನೆಯಲ್ಲಿ ಆಯಿತು ಎನ್ನುವವರ ಮಾತಿಗೆ ತೂಕ ಬಂದಿದೆ.

ಇನ್ನೊಂದು ಸಂಗತಿ. 79ರಲ್ಲಿ ಇದ್ದದ್ದು ಈಗ ನೀವು ಹತ್ತುವ ಶಂಕುವಲ್ಲ. ಹಳೆಯ ಬೆಟ್ಟದ ಹೆಸರು ಸೊಮ್ಮ. ಅದು ಕುಸಿದು ಉಳಿದ ಅರ್ಧಚಂದ್ರದ ಗೋಡೆ ಉತ್ತರಕ್ಕೆ ಇವತ್ತಿಗೂ 1132 ಮೀಟರ್ ಎತ್ತರಕ್ಕೆ ನಿಂತಿದೆ. ಅದರ ಮಡಿಲಿನಲ್ಲಿ ಆಮೇಲೆ ಬೆಳೆದದ್ದು ಈ ಶಂಕು. ದೂರದಿಂದ ಬೆಟ್ಟಕ್ಕೆ ಎರಡು ಕೋಡು ಕಾಣುವುದು ಇದರಿಂದ.

ಒಂದೇ ದಿನವಿದೆ. ಪೊಂಪೇಯೋ, ಹರ್ಕ್ಯುಲೇನಿಯಮೋ?

ಬೆಟ್ಟದ ಜೊತೆ ಒಂದೇ ಊರು ನೋಡುವುದಾದರೆ ಹರ್ಕ್ಯುಲೇನಿಯಂ ಎನ್ನುವುದು ನಮ್ಮ ಸಲಹೆ. ಪೊಂಪೇ ವಿಶಾಲ, ನೆರಳಿಲ್ಲ, ಅರೆಬರೆ ನೋಡಲೂ ನಾಲ್ಕು ಗಂಟೆ ಬೇಕು. ಬೆಳಗ್ಗೆ ಬೆಟ್ಟ ಹತ್ತಿ ಮಧ್ಯಾಹ್ನ ಪೊಂಪೇಗೆ ಇಳಿದವರು ಎರಡನ್ನೂ ಅರ್ಧ ನೋಡಿ ವಾಪಸಾಗುತ್ತಾರೆ. ಹರ್ಕ್ಯುಲೇನಿಯಂ ಚಿಕ್ಕದು, ಎರಡು ಗಂಟೆಗೆ ಮುಗಿಯುತ್ತದೆ. ಮಿನಿಬಸ್ ನಿಮ್ಮನ್ನು ಇಳಿಸುವ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಬಿಸಿಬೂದಿ ಗಟ್ಟಿಕಟ್ಟಿ 20 ಮೀಟರಿನಷ್ಟು ಮುಚ್ಚಿದ್ದರಿಂದ ಇಲ್ಲಿ ಮಹಡಿಗಳು ಉಳಿದಿವೆ. ಮರದ ತೊಲೆ, ಬಾಗಿಲು, ಮಂಚ ಇದ್ದಿಲಾಗಿ ಉಳಿದಿವೆ. ಆ ಗಟ್ಟಿಬೂದಿಯೇ ಇಲ್ಲಿ ಊರಿನ ಸುತ್ತ ಗೋಡೆಯಾಗಿ ನಿಂತಿದೆ. ಅದನ್ನು ಕಂಡಾಗ ಬೆಟ್ಟ ಅರ್ಥವಾಗುತ್ತದೆ.

ಪೊಂಪೇಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. 2024ರ ನವೆಂಬರ್‌ನಿಂದ ಅಲ್ಲಿ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟಿನ ಮೇಲೆ ಹೆಸರೂ ಇರುತ್ತದೆ. ಗುರುತಿನ ಚೀಟಿ ಮರೆಯಬೇಡಿ.

ಬೂದಿಯ ಬೆಟ್ಟದಲ್ಲಿ ಗಿಡಮರ ಏನಿದೆ?

ಬಹಳ ಇದೆ. ಅದಕ್ಕೇ 1995ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. ತಣಿದ ಲಾವಾದ ಮೇಲೆ ಮೊದಲು ಬರುವುದು ಬೂದುಬಣ್ಣದ ಒಂದು ಕಲ್ಲುಹೂವು. ಮಸಾಲೆಗೆ ಹಾಕುವ ಕಲ್ಲುಹೂವಿನ ದೂರದ ನೆಂಟ, ಹೆಸರಲ್ಲೇ ವೆಸುವಿಯಸ್ ಇದೆ: ಸ್ಟೀರಿಯೋಕೌಲಾನ್ ವೆಸುವಿಯಾನಮ್. 1944ರ ಲಾವಾ ಹರಿದ ಜಾಗ ಬೆಳದಿಂಗಳಲ್ಲಿ ಬೆಳ್ಳಿಯಂತೆ ಹೊಳೆಯುವುದು ಇದರಿಂದಲೇ. ಇದು ಕಲ್ಲನ್ನು ಸವೆಸಿ ಚಿಟಿಕೆ ಮಣ್ಣು ಮಾಡಿದ ಮೇಲೆ ಕೆಂಪು ವಲೇರಿಯನ್, ಆಮೇಲೆ ಜಿನೆಸ್ತ್ರ ಎಂಬ ಪೊದೆ. ಅದರ ಹಳದಿ ಹೂವು ನಮ್ಮ ಸೆಣಬಿನ ಹೂವಿನದೇ ಆಕಾರ, ಎರಡೂ ಬೇಳೆಕಾಳಿನ ಕುಟುಂಬ. ಬೇರಿನಲ್ಲಿ ಸಾರಜನಕ ಕಟ್ಟಿಕೊಳ್ಳುವ ಗುಣ ಇರುವುದರಿಂದಲೇ ಇಂಥ ಬರಡಿನಲ್ಲಿ ಬದುಕುತ್ತದೆ.

ಸೊಮ್ಮದ ಉತ್ತರದ ಇಳಿಜಾರಿಗೆ ಬಿಸಿಲು ಕಡಿಮೆ, ತೇವ ಹೆಚ್ಚು. ಅಲ್ಲಿ ಚೆಸ್ಟ್‌ನಟ್ ಕಾಡಿದೆ. ಕೆಳಗಿನ ತೋಟಗಳಲ್ಲಿ ಜರದಾಳು, ದ್ರಾಕ್ಷಿ ಮತ್ತು ಪಿಯೆನ್ನೊಲೊ ಎನ್ನುವ ಪುಟ್ಟ ಟೊಮೆಟೊ ಬೆಳೆಯುತ್ತಾರೆ. ಬೇಸಿಗೆಯಲ್ಲಿ ಕೊಯ್ದು, ಗೊಂಚಲು ಕಟ್ಟಿ ತೂಗುಹಾಕಿ ಚಳಿಗಾಲದುದ್ದಕ್ಕೂ ಬಳಸುತ್ತಾರೆ. ಸಿಪ್ಪೆ ದಪ್ಪ, ನೀರು ಕಡಿಮೆ. ಬೂದಿಯಲ್ಲಿರುವ ಪೊಟ್ಯಾಸಿಯಂ ಈ ಬೆಳೆಗಳಿಗೆಲ್ಲ ಗೊಬ್ಬರ.

ಕುಳಿ ಬಿಟ್ಟು ಬೇರೆ ಹಾದಿಗಳಿವೆಯೇ?

ಉದ್ಯಾನದಲ್ಲಿ 11 ಗುರುತು ಮಾಡಿದ ಹಾದಿಗಳಿವೆ. ಶಂಕು ಮತ್ತು ಸೊಮ್ಮ ಗೋಡೆಯ ನಡುವಿನ ನರಕದ ಕಣಿವೆಗೆ ಹೋಗುವ 1ನೇ ಹಾದಿ, ಲಾವಾ ಹರಿದ ಜಾಗ ತೋರಿಸುವ 9ನೇ ಹಾದಿ ನಮ್ಮ ಮೆಚ್ಚಿನವು. ಜನಸಂದಣಿ ಇರುವುದಿಲ್ಲ. ಆದರೆ ಬೆಂಕಿ, ಕುಸಿತದಿಂದಾಗಿ ಇವುಗಳಲ್ಲಿ ಕೆಲವು ತಿಂಗಳುಗಟ್ಟಲೆ ಮುಚ್ಚಿರುತ್ತವೆ. ಅಂದಂದಿನ ಸ್ಥಿತಿ ನೋಡಿಯೇ ಹೊರಡಿ.

ಸಸ್ಯಾಹಾರಿಗಳ ಗತಿ?

ಬೆಟ್ಟದ ಮೇಲೆ ಚಿಪ್ಸ್, ಬಿಸ್ಕತ್ತು, ತಂಪುಪಾನೀಯವಷ್ಟೇ, ದರವೂ ಬೆಟ್ಟದ ಎತ್ತರದ್ದೇ. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಆದರೆ ಭಾರತದಿಂದ ತುಪ್ಪ ಮತ್ತಿತರ ಹಾಲಿನ ಪದಾರ್ಥ ಒಯ್ಯಬೇಡಿ, ಐರೋಪ್ಯ ಒಕ್ಕೂಟದೊಳಕ್ಕೆ ಅವನ್ನು ಬಿಡುವುದಿಲ್ಲ. ಕೆಳಗೆ ನೇಪಲ್ಸ್‌ನಲ್ಲಿ ಚಿಂತೆಯಿಲ್ಲ, ಪಿಜ್ಜಾದ ತವರು ಅದು. ಚೀಸ್ ಬೇಡದವರಿಗೆ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಮಾತ್ರ ಹಾಕಿದ ಮರಿನಾರ ಇದೆ. ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನವರು ಮೇಲೆ ಉದುರಿಸಬೇಡಿ ಎಂದು ಹೇಳಬೇಕು.

ಇಲ್ಲಿ ಭಾರತದ ನಂಟು ಏನಾದರೂ ಇದೆಯೇ?

ಇದೆ. 1938ರಲ್ಲಿ ಪೊಂಪೇಯ ಮನೆಯೊಂದರಲ್ಲಿ ಸುಮಾರು 25 ಸೆಂಟಿಮೀಟರಿನ ದಂತದ ಸ್ತ್ರೀವಿಗ್ರಹ ಸಿಕ್ಕಿತು. ‘ಪೊಂಪೇ ಲಕ್ಷ್ಮಿ’ ಎಂದು ಹೆಸರಾದರೂ ಯಕ್ಷಿಯಾಗಿರಬೇಕು ಎನ್ನುವವರೇ ಹೆಚ್ಚು. ಇಂಥದೇ ಬೊಂಬೆಗಳು ಮಹಾರಾಷ್ಟ್ರದ ಭೋಕರ್ದನ್ ಮತ್ತು ತೇರ್‌ನಲ್ಲಿ ಸಿಕ್ಕಿವೆ, ಎರಡೂ ಶಾತವಾಹನರ ಕಾಲದ ಊರುಗಳು. ಅದೇ ವ್ಯಾಪಾರದ ಇನ್ನೊಂದು ತುದಿ ನಮ್ಮಲ್ಲೇ ಇದೆ: ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ. ವಿಗ್ರಹ ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದ ಸ್ವತ್ತು. ಸಂಗ್ರಹಾಲಯಕ್ಕೆ ಮಂಗಳವಾರ ರಜೆ.

ಕರ್ನಾಟಕದಲ್ಲಿ ಇಂಥ ಬೆಟ್ಟವಿಲ್ಲವೇ?

ಶಂಕುವಿನ ಬೆಟ್ಟವಿಲ್ಲ, ಜ್ವಾಲಾಮುಖಿಯ ಕಲ್ಲು ಧಾರಾಳ. ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿ ಕಡೆಯ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ. ಎರೆಮಣ್ಣು ಅದರದೇ ಪುಡಿ. ಅದು ತೆಳುವಾಗಿ ಹರಿಯುವ ಲಾವಾ, ದೂರದೂರಕ್ಕೆ ಹಬ್ಬಿತು. ವೆಸುವಿಯಸ್‌ನದು ಅಂಟು ಹೆಚ್ಚಿರುವ, ಅನಿಲ ತುಂಬಿದ ಶಿಲಾರಸ. ಸಲೀಸಾಗಿ ಹರಿಯಲಾರದೆ ಸಿಡಿಯುತ್ತದೆ.

ನೆನಪಿಗೆ ಒಂದು ಕಲ್ಲು ತರಬಹುದೇ?

ಕೂಡದು. ಉದ್ಯಾನದಿಂದ ಕಲ್ಲು, ಗಿಡ ಏನನ್ನೂ ತೆಗೆಯುವಂತಿಲ್ಲ. ಡ್ರೋನ್ ಹಾರಿಸುವಂತಿಲ್ಲ. ಅಂಗಡಿಗಳಲ್ಲಿ ಮಾರುವ ಮಿನುಗುವ ಬಣ್ಣಬಣ್ಣದ ‘ಲಾವಾ’ಗಳಲ್ಲಿ ಈ ಬೆಟ್ಟದ್ದಲ್ಲದವೂ ಇರುತ್ತವೆ, ಕೊಳ್ಳುವ ಮುನ್ನ ಯೋಚಿಸಿ. ಶೂ ಒಳಗೆ ಹೇಗೂ ಒಂದು ಹಿಡಿ ಸೇರಿಕೊಂಡಿರುತ್ತದೆ. ಬಸ್ ಹತ್ತುವ ಮೊದಲು ಅಲ್ಲೇ ಕೊಡವಿಬಿಡಿ.